ಕಲ್ಲಿಗೆ ತಕ್ಕ ಪುಡಿ

ಕೃಷ್ಣೆಯ ದಂಡೆಯಲ್ಲೋ ಭೀಮೆಯ ಮರಳಿನಲ್ಲೋ ಆರಿಸಿದ ಅಗೇಟ್ ಕಲ್ಲು ನೀರಿನಲ್ಲಿರುವಷ್ಟು ಹೊತ್ತು ಕೆಂಪು, ಜೇನುಬಣ್ಣ, ಬಿಳಿಯ ಪಟ್ಟೆಗಳನ್ನೆಲ್ಲ ತೋರಿಸುತ್ತದೆ. ಮನೆಗೆ ತಂದು ಕಿಟಕಿಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಮಂಕು. ಕಲ್ಲೇನೂ ಬದಲಾಗಿಲ್ಲ. ಅದರ ಮೈತುಂಬ ಇರುವ ಸಣ್ಣ ಗೀರು, ಗುಣಿಗಳಿಗೆ ಬಡಿದ ಬೆಳಕು ಎತ್ತೆತ್ತಲೋ ಚೆದುರಿಹೋಗುತ್ತಿದೆ, ಅಷ್ಟೆ. ನೀರು ಆ ಗುಣಿಗಳನ್ನು ತುಂಬಿ ಮಟ್ಟಮಾಡಿದಾಗ ಬೆಳಕು ಒಳಕ್ಕಿಳಿದು ಬಣ್ಣವನ್ನು ಹೊತ್ತು ತರುತ್ತದೆ. ನೀರು ಒಣಗುವವರೆಗೆ ಮಾತ್ರ ಮಾಡುವ ಈ ಉಪಕಾರವನ್ನು ಪಾಲಿಶ್ ಕಾಯಂ ಮಾಡುತ್ತದೆ. ಗೀರುಗಳ ಗಾತ್ರ ಬೆಳಕಿನ ತರಂಗಾಂತರಕ್ಕಿಂತ, ಅಂದರೆ 0.4ರಿಂದ 0.7 ಮೈಕ್ರಾನ್‌ಗಿಂತ ಕೆಳಗಿಳಿದರೆ ಕಣ್ಣಿಗೆ ಗೀರೇ ಇಲ್ಲ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಕೆಲಸದ ನವುರು ಅಂದಾಜಾದೀತು.

ಮುಖಗಳನ್ನು ಕತ್ತರಿಸದೆ, ತಳ ಚಪ್ಪಟೆಯಾಗಿಯೂ ಮೇಲ್ಭಾಗ ಗುಮ್ಮಟಾಕಾರವಾಗಿಯೂ ಸಾಣೆ ಹಿಡಿದ ಹರಳನ್ನು ಕ್ಯಾಬೋಶಾನ್ ಎನ್ನುತ್ತಾರೆ. ನವರತ್ನದ ಉಂಗುರದಲ್ಲಿ ಹವಳ, ವೈಡೂರ್ಯಗಳು ಕೂರುವುದು ಈ ರೂಪದಲ್ಲೇ. ವಜ್ರದಂತಹ ಹರಳಿಗೆ ಕೋನ ಅಳೆಯುವ ಯಂತ್ರ ಬೇಕು. ಕ್ಯಾಬೋಶಾನಿಗೆ ಒಂದು ಮೋಟಾರು, ನಾಲ್ಕಾರು ಬಿಲ್ಲೆ, ಕಲ್ಲನ್ನು ಅರಗಿನಿಂದ ಅಂಟಿಸಿಕೊಳ್ಳಲು ಒಂದು ಗಿಡ್ಡ ಕಡ್ಡಿ ಸಾಕು. ಹಾಗಾಗಿ ಮನೆಯ ಹಿತ್ತಿಲಲ್ಲೇ ಶುರುಮಾಡುವವರಿದ್ದಾರೆ. ಆಕಾರ ಬರುವ ತನಕ ಎಲ್ಲ ಸಲೀಸು. ಕೊನೆಯ ಮೆರುಗಿಗೆ ಬಂದಾಗ ಮಾರಾಟಗಾರರ ಪಟ್ಟಿ ಬೆದರಿಸುತ್ತದೆ: ಸೀರಿಯಂ ಆಕ್ಸೈಡ್, ತವರದ ಆಕ್ಸೈಡ್, ಅಲ್ಯೂಮಿನಾ, ಕ್ರೋಮಿಯಂ ಆಕ್ಸೈಡ್, ಜಿರ್ಕೋನಿಯಂ ಆಕ್ಸೈಡ್, ಹತ್ತು ಬಗೆಯ ವಜ್ರದ ಪೇಸ್ಟು. ಎಲ್ಲವನ್ನೂ ಕೊಂಡರೆ ಕಲ್ಲಿಗಿಂತ ಪುಡಿಗೇ ಹೆಚ್ಚು ಖರ್ಚು. ನನ್ನ ಮಟ್ಟಿಗೆ ಎರಡು ಸಾಕು, ಹೆಚ್ಚೆಂದರೆ ಮೂರು. ಯಾವ ಎರಡು ಎಂಬುದನ್ನು ಜೇಬಿಗಿಂತ ಮೊದಲು ಕಲ್ಲು ನಿರ್ಧರಿಸುತ್ತದೆ.

ಗಡಸಾದದ್ದು ಮೆದುವಾದದ್ದನ್ನು ಉಜ್ಜಿ ಸವೆಸುತ್ತದೆ ಎಂಬುದು ನಮಗೆಲ್ಲ ಗೊತ್ತು. 1812ರಲ್ಲಿ ಫ್ರೀಡ್ರಿಕ್ ಮೋಸ್ ಹಾಕಿಕೊಟ್ಟ ಗಡಸುತನದ ಮೆಟ್ಟಿಲು ನಿಂತಿರುವುದೂ ಇದರ ಮೇಲೆಯೇ: ಕ್ಯಾಲ್ಸೈಟಿಗೆ 3, ಸ್ಫಟಿಕಕ್ಕೆ 7, ಮಾಣಿಕ್ಯದ ಕುರುಂದಕ್ಕೆ 9, ವಜ್ರಕ್ಕೆ 10. ಈ ಲೆಕ್ಕ ಹಿಡಿದರೆ ಸ್ಫಟಿಕದ ಜಾತಿಯ ಅಗೇಟಿಗೆ ಮೆರುಗು ಕೊಡಲು 7ಕ್ಕಿಂತ ಗಡಸಾದ ಪುಡಿಯೇ ಬೇಕು. ಆದರೆ ಸೀರಿಯಂ ಆಕ್ಸೈಡಿನ ಗಡಸುತನ ಸುಮಾರು 6. ತನಗಿಂತ ಗಟ್ಟಿಯಾದ ಕಲ್ಲನ್ನು ಅದು ಕನ್ನಡಿ ಮಾಡಿಬಿಡುತ್ತದೆ.

ಇದು ಹೇಗೆ ಎಂದು ವಿಜ್ಞಾನಿಗಳು ಬಹಳ ಕಾಲ ಜಗಳವಾಡಿದ್ದಾರೆ. ಉಜ್ಜುವಾಗ ಮೇಲ್ಪದರ ಹರಿದು ಗುಣಿಗಳನ್ನು ಮುಚ್ಚುತ್ತದೆ ಎಂದರು ಜಾರ್ಜ್ ಬೀಲ್ಬಿ. 1937ರಲ್ಲಿ ಬೌಡನ್ ಮತ್ತು ಹ್ಯೂಸ್ ಪುಡಿಯ ಗಡಸುತನಕ್ಕಿಂತ ಅದರ ಕರಗುವ ಉಷ್ಣತೆ ಮುಖ್ಯ ಎಂದು ವಾದಿಸಿದರು. ಆ ವಾದ ಎಲ್ಲ ಕಡೆಯೂ ನಿಲ್ಲಲಿಲ್ಲ. ಗಾಜು ಮತ್ತು ಸಿಲಿಕಾದ ಮಟ್ಟಿಗೆ ಈಗ ಒಪ್ಪಿತವಾಗಿರುವ ವಿವರಣೆ ರಸಾಯನಶಾಸ್ತ್ರದ್ದು. ನೀರು ಕಲ್ಲಿನ ಮೇಲ್ಪದರವನ್ನು ಅಣುಗಳಷ್ಟು ಆಳಕ್ಕೆ ಮೆತ್ತಗಾಗಿಸುತ್ತದೆ. ಸೀರಿಯಂ ಕಣ ಅಲ್ಲಿನ ಸಿಲಿಕಾನ್ ಜೊತೆ ಆಮ್ಲಜನಕದ ಮೂಲಕ ಬಂಧ ಕಟ್ಟಿಕೊಂಡು, ಮುಂದೆ ಸರಿಯುವಾಗ ಆ ತುಣುಕನ್ನು ಕಿತ್ತುಕೊಂಡು ಹೋಗುತ್ತದೆ. ಇಲ್ಲಿ ಗೀರುವುದಲ್ಲ, ಕೀಳುವುದು. ಕಾರ್ಯಾಗಾರದಲ್ಲಿ ಇದರ ಅರ್ಥ ಇಷ್ಟು: ಸೀರಿಯಂಗೆ ನೀರು ಬೇಕೇ ಬೇಕು, ಎಣ್ಣೆಯಲ್ಲಿ ಕಲಸಿದರೆ ಅದು ಬರೀ ಮಣ್ಣು. ಜೊತೆಗೆ, ಸಿಲಿಕಾ ಇರುವ ಕಲ್ಲಿಗೆ ಮಾತ್ರ ಅದರ ಮಹಿಮೆ. ಅಗೇಟ್, ಜಾಸ್ಪರ್, ಸ್ಫಟಿಕ, ಅಮೆಥಿಸ್ಟ್, ಓಪಲ್, ಅಬ್ಸಿಡಿಯನ್ ಎಲ್ಲಕ್ಕೂ ಅದು ಸರಿ. ಚಂದ್ರಕಾಂತ ಶಿಲೆಗೂ ನಡೆಯುತ್ತದೆ. ಮಾಣಿಕ್ಯದ ಮುಂದೆ ಅದರ ಆಟ ನಡೆಯದು.

ಸೀರಿಯಂ ಅಪರೂಪದ ಭಸ್ಮ ಧಾತುಗಳ ಗುಂಪಿಗೆ ಸೇರಿದ್ದರೂ ಅಪರೂಪವೇನಲ್ಲ. ಭೂಮಿಯ ಹೊರಪದರದಲ್ಲಿ ಅದು ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮೊನಜೈಟ್ ಮರಳಿನಲ್ಲಿ ಅದು ಥೋರಿಯಂ ಜೊತೆ ಸಿಗುತ್ತದೆ. ಆ ಮರಳಿನ ಕೆಲಸಕ್ಕೆಂದೇ 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು. ಆಲುವಾದಲ್ಲಿ ಅದರ ಕಾರ್ಖಾನೆ ಇದೆ. ಆದರೂ ಜಗತ್ತಿನ ಮಾರುಕಟ್ಟೆಯ ಕೀಲಿ ಚೀನಾದ ಕೈಯಲ್ಲಿದೆ. 2010ರಲ್ಲಿ ಚೀನಾ ರಫ್ತಿನ ಪ್ರಮಾಣ ಕಡಿತ ಮಾಡಿದಾಗ ಮರುವರ್ಷ ಸೀರಿಯಂ ಬೆಲೆ ಗಗನಕ್ಕೇರಿತು. ಗಾಜಿನ ಕಾರ್ಖಾನೆಗಳು ಬಳಸಿ ಬಿಸಾಡುತ್ತಿದ್ದ ಕೆಸರನ್ನೇ ಸೋಸಿ ಮತ್ತೆ ಬಳಸಲು ಕಲಿತವು. ಆಮೇಲೆ ಬೆಲೆ ಇಳಿದಿದೆ. ಹರಳಿನ ಕೆಲಸಕ್ಕೆ ಇವತ್ತಿಗೂ ಇದರಷ್ಟು ಅಗ್ಗದ ಒಳ್ಳೆಯ ಪುಡಿ ಇನ್ನೊಂದಿಲ್ಲ.

ಕೊಳ್ಳುವಾಗ ಹರಳು ಕುಸುರಿಯ ಅಂಗಡಿಗೇ ಹೋಗಬೇಕೆಂದಿಲ್ಲ. ಕಾರಿನ ಗಾಜಿನ ಗೀರು ತೆಗೆಯುವವರು, ಕನ್ನಡಿ ಅಂಚು ಉಜ್ಜುವವರು, ದೂರದರ್ಶಕದ ಕನ್ನಡಿಯನ್ನು ಕೈಯಲ್ಲೇ ತಯಾರಿಸುವ ಹವ್ಯಾಸಿಗಳು ಎಲ್ಲರೂ ಬಳಸುವುದು ಇದನ್ನೇ. ಗಾಜಿನ ಪಾಲಿಶ್ ಪುಡಿ ಎಂದು ಕೇಳಿ. ತೀರಾ ಶುದ್ಧ ಸೀರಿಯಂ ಆಕ್ಸೈಡು ನಸುಹಳದಿ ಛಾಯೆಯ ಬಿಳಿ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಇಟ್ಟಿಗೆಯ ನಸುಗೆಂಪು ಬಣ್ಣದ್ದು. ಅದರಲ್ಲಿ ಲ್ಯಾಂಥನಂ, ಪ್ರೇಸಿಯೋಡಿಮಿಯಂ ಆಕ್ಸೈಡುಗಳೂ ಬೆರೆತಿರುತ್ತವೆ. ಅಗ್ಗವಾದದ್ದರಿಂದ ಕೀಳು ಎಂದುಕೊಳ್ಳಬೇಕಿಲ್ಲ, ಹರಳಿಗೆ ಇದು ಧಾರಾಳವಾಯಿತು. ಶೇಕಡ 99.9 ಶುದ್ಧ ಎಂದು ಬರೆದ ಡಬ್ಬಿಗೆ ಹೆಚ್ಚು ದುಡ್ಡು ಕೊಡುವುದು ದಂಡ. ಕಣಗಳು ಒಂದೇ ಗಾತ್ರದಲ್ಲಿ ಇವೆಯೇ ಎಂಬುದು ಮುಖ್ಯ. ಚೂರು ಪುಡಿಯನ್ನು ನೀರಿನಲ್ಲಿ ಕದಡಿ ಎರಡು ಗಾಜಿನ ತುಂಡುಗಳ ನಡುವೆ ಉಜ್ಜಿ ನೋಡಿ. ಕಿರಕಿರ ಸದ್ದು ಬಂದರೆ, ಗಾಜಿನ ಮೇಲೆ ಗೀರು ಬಿದ್ದರೆ ಆ ಚೀಲ ಬೇಡ. ಬೇರೆ ಕೆಂಪು ಪುಡಿಯೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ, ಅದು ಬರೀ ಕಬ್ಬಿಣದ ಆಕ್ಸೈಡು. ಸೀರಿಯಂ ಬರುವ ಮುಂಚೆ ಗಾಜಿನವರು ಅದನ್ನೇ ಬಳಸುತ್ತಿದ್ದರು. ಕೆಲಸ ಮಾಡುತ್ತದೆ, ಆದರೆ ನಿಧಾನ. ಬಟ್ಟೆಗೆ, ಉಗುರಿಗೆ, ಬಚ್ಚಲಿಗೆಲ್ಲ ಅದರ ಕೆಂಪು ಹತ್ತುತ್ತದೆ. ಬಣ್ಣದ ಪುಡಿಯನ್ನು ಸಣ್ಣ ರಂಧ್ರಗಳಿರುವ ಕಲ್ಲುಗಳಿಗೆ ಬಳಸದಿರುವುದು ಒಳ್ಳೆಯದು. ಬಿಳಿ ಹೌಲೈಟ್, ತಿಳಿನೀಲಿ ಟರ್ಕಾಯ್ಸ್‌ಗಳು ಅದನ್ನು ಹೀರಿಕೊಂಡು ಕಲೆಯಾಗುತ್ತವೆ.

ಪುಡಿಯನ್ನು ನೀರುಮಜ್ಜಿಗೆಯಷ್ಟು ತೆಳುವಾಗಿ ಕದಡಿ ಚರ್ಮದ ಒರಟು ಮುಖಕ್ಕೆ ಅಥವಾ ಉಣ್ಣೆಯ ಫೆಲ್ಟಿಗೆ ಸವರಬೇಕು. ಹೊಸಬರು ಗಟ್ಟಿಯಾಗಿ ಮೆತ್ತುತ್ತಾರೆ. ಹೆಚ್ಚು ಪುಡಿ ಹೆಚ್ಚು ಹೊಳಪಲ್ಲ. ನಾಲ್ಕು ಧ್ರುವದ ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು ಹೊಡೆಯುತ್ತದೆ. ನೇರವಾಗಿ ಅದಕ್ಕೇ ಬಿಲ್ಲೆ ಸಿಕ್ಕಿಸಿದರೆ ಪುಡಿಯೆಲ್ಲ ಗೋಡೆಗೆ. ಪುಲ್ಲಿ ಹಾಕಿ ವೇಗ ತಗ್ಗಿಸಿಕೊಳ್ಳಿ. ಕೈಗೆ ತಿಳಿಯುವ ಒಂದು ಗಳಿಗೆ ಇದೆ. ಚರ್ಮ ಒದ್ದೆಯಿಂದ ಒಣಗುವ ಹಂತಕ್ಕೆ ಬಂದಾಗ ಕಲ್ಲನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಕಡ್ಡಿ ಹಿಡಿದ ಬೆರಳಿಗೆ ಜಗ್ಗಿದ್ದು ಗೊತ್ತಾಗುತ್ತದೆ. ನಿಜವಾದ ಹೊಳಪು ಏಳುವುದು ಆ ಜಗ್ಗಾಟದಲ್ಲೇ. ಆದರೆ ಕಲ್ಲು ಬಿಸಿಯಾಗುವುದೂ ಆಗಲೇ. ಅರಗು ಮೆತ್ತಗಾಗಿ ಕಲ್ಲು ಹಾರುತ್ತದೆ, ಓಪಲ್ ಆದರೆ ಬಿರುಕುಬಿಡುತ್ತದೆ. ನಾಲ್ಕಾರು ಸೆಕೆಂಡಿಗೊಮ್ಮೆ ಕಲ್ಲನ್ನು ಕೆನ್ನೆಗೆ ಮುಟ್ಟಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಇಷ್ಟೆಲ್ಲ ಮಾಡಿದ ಮೇಲೂ ಕಲ್ಲು ಮಬ್ಬಾಗಿಯೇ ಇದ್ದರೆ ಹೆಚ್ಚಿನವರು ಪುಡಿಯನ್ನು ದೂರುತ್ತಾರೆ, ಇನ್ನೊಂದು ಡಬ್ಬಿ ತರಿಸುತ್ತಾರೆ. ತಪ್ಪು ಪುಡಿಯದ್ದಾಗಿರುವುದು ಕಡಿಮೆ. ಪುಡಿ ಮೈಕ್ರಾನಿನ ಭಾಗದಷ್ಟು ಆಳದ ಗೀರನ್ನು ಅಳಿಸಬಲ್ಲದು. 220 ನಂಬರಿನ ಸಾಣೆ ಬಿಟ್ಟುಹೋದ ಕಾಲುವೆಯನ್ನು ಇಡೀ ದಿನ ಉಜ್ಜಿದರೂ ಮುಚ್ಚಲಾರದು. ನಿಜವಾದ ಉಳಿತಾಯ ಇರುವುದು ಪುಡಿಗಿಂತ ಹಿಂದಿನ ಮೆಟ್ಟಿಲುಗಳಲ್ಲಿ. ಅಲ್ಲಿ ಬೇಕಾಗುವ ಸಾಮಾನು ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್. ಅದು 1890ರ ದಶಕದಲ್ಲಿ ಎಡ್ವರ್ಡ್ ಅಚೆಸನ್ ಕುಲುಮೆಯಲ್ಲಿ ತಯಾರಿಸಿದ ಸಿಲಿಕಾನ್ ಕಾರ್ಬೈಡನ್ನು ಕಾಗದಕ್ಕೆ ಅಂಟಿಸಿದ್ದು, ಅಗೇಟಿಗಿಂತ ಬಹಳ ಗಡಸು. ಮೂಲೆಯ ಹಾರ್ಡ್‌ವೇರ್ ಅಂಗಡಿಯಲ್ಲೇ 220, 400, 600, 1000, 2000 ನಂಬರುಗಳು ಹಾಳೆ ಲೆಕ್ಕದಲ್ಲಿ ಸಿಗುತ್ತವೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ನಂಬರಿನ ಗೀರು ಅಡ್ಡಡ್ಡ ಕಾಣುತ್ತಿರುವಷ್ಟು ಕಾಲ ಮುಂದಕ್ಕೆ ಹೋಗಬೇಡಿ. ನೋಡುವ ಮುಂಚೆ ಕಲ್ಲನ್ನು ಒರೆಸಿ ಒಣಗಿಸಬೇಕು, ಏಕೆಂದರೆ ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಗುಮ್ಮಟವನ್ನು ನಿಧಾನವಾಗಿ ತಿರುಗಿಸಿದರೆ ಅದರ ಮೇಲೆ ಓಡುವ ಬೆಳಕಿನ ಗೆರೆಯ ಅಂಚು ಎಲ್ಲಿ ಕದಡುತ್ತದೋ ಅಲ್ಲಿ ಕೆಲಸ ಬಾಕಿ ಇದೆ. ಗುಮ್ಮಟದ ನೆತ್ತಿ ಮತ್ತು ತಳದ ಅಂಚು, ಇವೆರಡು ಕಡೆ ಗೀರು ತಪ್ಪಿಸಿಕೊಳ್ಳುವುದು ಹೆಚ್ಚು. 2000 ನಂಬರಿನಲ್ಲಿ ಅಗೇಟ್ ಆಗಲೇ ಅರ್ಧ ಹೊಳೆಯುತ್ತಿರಬೇಕು. ಹಾಗಿದ್ದರೆ ಸೀರಿಯಂಗೆ ಕೆಲವೇ ನಿಮಿಷದ ಕೆಲಸ.

ಅಗೇಟಿನ ಕಥೆ ಸುಲಭದ್ದು. ಕರ್ನಾಟಕದ ಬೇರೆ ಕೆಲವು ಕಲ್ಲುಗಳು ಅಷ್ಟು ಸಾಧುವಲ್ಲ. ಹಳೆಯ ಮೈಸೂರು ಸೀಮೆಯ ಕುರುಂದಕ್ಕೆ ದೊಡ್ಡ ಹೆಸರಿದೆ. ಅದರ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆ ಚಕ್ರ ಮಾಡುತ್ತಿದ್ದರು. ಅದೇ ಕುರುಂದದ ಕೆಂಪು, ನೇರಳೆಗೆಂಪು ಅಪಾರದರ್ಶಕ ತುಂಡುಗಳು ನಕ್ಷತ್ರ ಮಾಣಿಕ್ಯಗಳು. ಕಲ್ಲಿನೊಳಗೆ ರೂಟೈಲಿನ ಸೂಜಿಗಳು ಮೂರು ದಿಕ್ಕಿನಲ್ಲಿ ಸಾಲಾಗಿ ಮಲಗಿರುತ್ತವೆ. ತಳವನ್ನು ಸ್ಫಟಿಕದ ಅಕ್ಷಕ್ಕೆ ಅಡ್ಡಲಾಗಿ ಕೊಯ್ದು ಗುಮ್ಮಟ ಮಾಡಿದರೆ ಒಂದೇ ದೀಪದ ಬೆಳಕಿನಲ್ಲಿ ಆರು ಕಾಲಿನ ನಕ್ಷತ್ರ ಮೇಲೆ ತೇಲುತ್ತದೆ. ಮೈ ಮಬ್ಬಾಗಿದ್ದರೆ ನಕ್ಷತ್ರದ ಕಾಲುಗಳು ದಪ್ಪಗಾಗಿ ಹರಡಿಹೋಗುತ್ತವೆ. ಮೆರುಗು ಪೂರ್ತಿಯಾದಾಗಲೇ ಅವು ಎಳೆಯಷ್ಟು ಸಣ್ಣಗಾಗುವುದು. ಗಡಸುತನ 9. ವಾಟರ್ ಪೇಪರ್ ಇಲ್ಲಿ ಸುಸ್ತಾಗುತ್ತದೆ, ಸೀರಿಯಂ ಶುದ್ಧ ನಿರುಪಯೋಗಿ. ವಜ್ರವೇ ಬೇಕು.

ಇನ್ನೂ ತರಲೆಯ ಕಲ್ಲು ಎಂದರೆ ಫುಕ್ಸೈಟಿನೊಳಗಿನ ಮಾಣಿಕ್ಯ. ಹಸಿರು ಅಭ್ರಕದ ನಡುವೆ ಕೆಂಪು ಮಾಣಿಕ್ಯದ ಚುಕ್ಕೆಗಳು, ಕೆಲವೊಮ್ಮೆ ಸುತ್ತಲೂ ನೀಲಿ ಕಯನೈಟಿನ ಅಂಚು. ಜಗತ್ತಿನ ಹರಳು ಸಂತೆಗಳಲ್ಲಿ ಮಾರಾಟವಾಗುವ ಈ ಕಲ್ಲಿಗೆ ಕರ್ನಾಟಕವೇ ಹೆಸರಾದ ನೆಲೆ. ನೋಡಲು ಬಲು ಚೆಂದ, ಸಾಣೆಗೆ ಕೊಟ್ಟರೆ ಬಲು ಹಟ. ಮಾಣಿಕ್ಯ 9, ಅಭ್ರಕ ಮೂರಕ್ಕೂ ಕೆಳಗೆ. ಮೆತ್ತನೆಯ ಚರ್ಮದ ಮೇಲೆ ಉಜ್ಜಿದಷ್ಟೂ ಹಸಿರು ತಗ್ಗುತ್ತದೆ, ಕೆಂಪು ಉಬ್ಬಿ ನಿಲ್ಲುತ್ತದೆ. ಉಗುರು ಎಳೆದರೆ ಮೆಟ್ಟಿಲು ತಡೆಯುತ್ತದೆ. ಕೆಲವು ಕಡೆ ಅಭ್ರಕದ ಚಕ್ಕೆಗಳೇ ಎದ್ದು ಗುಳಿ ಬೀಳುತ್ತದೆ. ಇದಕ್ಕೆ ಒಳ್ಳೆಯ ಪುಡಿ ಹುಡುಕುವುದಕ್ಕಿಂತ ಮೊದಲ ಸಾಣೆಯಿಂದಲೇ ವಜ್ರದ ಬಿಲ್ಲೆ ಹಿಡಿಯಬೇಕು, ಏಕೆಂದರೆ ವಜ್ರದ ಎದುರು ಮಾಣಿಕ್ಯವೂ ಅಭ್ರಕವೂ ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ. ಬೆನ್ನಿಗೆ ಮೆತ್ತೆ ಇರಕೂಡದು. ಮರದ ಚಕ್ರ ಅಥವಾ ಗಟ್ಟಿ ಫೆಲ್ಟಿನ ಮೇಲೆ 3 ಮೈಕ್ರಾನ್, ಆಮೇಲೆ 1 ಮೈಕ್ರಾನ್ ವಜ್ರದ ಪೇಸ್ಟು, ಹಗುರವಾದ ಕೈ. ಹಲವರು ಮೊದಲೇ ಕಲ್ಲಿಗೆ ತೆಳುವಾದ ಅಂಟು ಕುಡಿಸಿ ಅಭ್ರಕವನ್ನು ಕಟ್ಟಿಹಾಕುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಕೊಳ್ಳುವವರಿಗೆ ಹೇಳಿದರೆ.

ವಜ್ರ ಎಂದೊಡನೆ ಕಿಸೆ ಮುಟ್ಟಿ ನೋಡಿಕೊಳ್ಳುವುದು ಸಹಜ. ಆದರೆ 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಕೃತಕ ವಜ್ರ ಮಾಡಿದ ಮೇಲೆ ಪುಡಿವಜ್ರ ಕಾರ್ಖಾನೆಯ ಸರಕಾಗಿಬಿಟ್ಟಿದೆ. ಸಿರಿಂಜಿನಲ್ಲಿ ಬರುವ 5 ಗ್ರಾಂ ಪೇಸ್ಟು ಸೀರಿಯಂ ಚೀಲಕ್ಕಿಂತ ಗ್ರಾಂ ಲೆಕ್ಕದಲ್ಲಿ ಬಹಳ ದುಬಾರಿ, ನಿಜ. ಒಂದು ಹರಳಿಗೆ ಬೇಕಾಗುವುದು ಸಾಸಿವೆ ಕಾಳಿನಷ್ಟು. ಒಂದು ಸಿರಿಂಜು ತಿಂಗಳುಗಟ್ಟಲೆ ಬರುತ್ತದೆ. ಮಾಣಿಕ್ಯದ ಮೇಲೆ ಸೋಲುವ ಅಗ್ಗದ ಪುಡಿಗಿಂತ ಅದು ಸೋವಿ. ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗಬೇಡಿ. ಒಬ್ಬೊಬ್ಬ ತಯಾರಕ ಒಂದೊಂದು ಬಣ್ಣ ಇಡುತ್ತಾನೆ. ಮೈಕ್ರಾನ್ ಓದಿ. 8,000 ನಂಬರು ಎಂದರೆ ಸುಮಾರು 3 ಮೈಕ್ರಾನ್, 14,000 ಎಂದರೆ ಸುಮಾರು 1, 50,000 ಎಂದರೆ ಸುಮಾರು ಅರ್ಧ ಮೈಕ್ರಾನ್. ಪೇಸ್ಟಿನಲ್ಲಿ ವಜ್ರದ ಪ್ರಮಾಣ ಎಷ್ಟು ಎಂದೂ ಕೇಳಿ. ತೀರಾ ಅಗ್ಗದ ಸಿರಿಂಜಿನಲ್ಲಿ ಹೆಚ್ಚಿರುವುದು ಜಿಡ್ಡು.

ಮೂರನೆಯದು ಬೇಕೆನ್ನುವವರಿಗೆ ಅಲ್ಯೂಮಿನಾ. ರಾಸಾಯನಿಕವಾಗಿ ಅದೂ ಕುರುಂದವೇ, ಕಾರ್ಖಾನೆಯಲ್ಲಿ ಮಾಡಿದ್ದು. ಎಂಜಿನಿಯರಿಂಗ್ ಓದಿದವರಿಗೆ ಮೆಟಲರ್ಜಿ ಲ್ಯಾಬಿನಲ್ಲಿ ಉಕ್ಕಿನ ತುಂಡನ್ನು ನಾಲ್ಕು ಎಮರಿ ಪೇಪರಿನ ಮೇಲೆ ಉಜ್ಜಿ, ಕೊನೆಗೆ ಸುತ್ತುವ ಮೆತ್ತನೆ ಬಟ್ಟೆಯ ಮೇಲೆ ಬಿಳಿ ನೀರು ಹನಿಸುತ್ತಾ ಕನ್ನಡಿ ಮಾಡಿದ್ದು ನೆನಪಿರಬಹುದು. ಆ ಬಿಳಿ ನೀರು ಇದೇ. ಹೊರದೇಶದ ಹರಳು ಕುಸುರಿಗಾರರು ಲಿಂಡೆ ಎ ಎಂಬ ಹೆಸರಿನಲ್ಲಿ ಬಹುಕಾಲ ಆರಾಧಿಸಿದ 0.3 ಮೈಕ್ರಾನ್ ಪುಡಿಯೂ ಅಲ್ಯೂಮಿನಾವೇ. ಲ್ಯಾಬಿಗೆ ಸಾಮಾನು ಒದಗಿಸುವ ಅಂಗಡಿಗಳಲ್ಲಿ ಕೇಳಿದರೆ ಹೆಸರಾಂತ ಡಬ್ಬಿಗಿಂತ ಕಡಿಮೆಗೆ ಸಿಗುತ್ತದೆ. ಗಾರ್ನೆಟ್, ಗೋಮೇಧಿಕ, ಹವಳ, ಟರ್ಕಾಯ್ಸ್‌ಗಳಿಗೆ ಇದು ಹೊಂದುತ್ತದೆ. ಬಿಳಿಯಾದ್ದರಿಂದ ಕಲೆಯ ಭಯವಿಲ್ಲ.

ತವರದ ಆಕ್ಸೈಡು ಹಿರಿಯರ ಮೆಚ್ಚಿನದು, ನಯವಾದದ್ದು; ಆದರೆ ತವರವೇ ತುಟ್ಟಿ ಲೋಹ, ಅದರ ಪುಡಿ ಅಗ್ಗವಾಗುವುದೆಲ್ಲಿಂದ? ಅದು ಮಾಡುವ ಕೆಲಸವನ್ನು ಸೀರಿಯಂ, ಅಲ್ಯೂಮಿನಾಗಳು ಹಂಚಿಕೊಂಡಿರುವಾಗ ನಾನಂತೂ ಕೊಳ್ಳಲಾರೆ. ಹಸಿರು ಕ್ರೋಮಿಯಂ ಆಕ್ಸೈಡು ಜೇಡ್ ಕಲ್ಲಿಗೆ ಚರ್ಮದ ಮೇಲೆ ಚೆನ್ನ. ಜೇಡ್ ಕೈಗೆ ಬಂದ ದಿನ ತಂದರಾಯಿತು. ಸ್ಟೀಲ್ ಪಾತ್ರೆಗೆ ಬಫ್ ಹೊಡೆಯುವವರು ಬಳಸುವ ಹಸಿರು ಬಾರಿನಲ್ಲಿಯೂ ಅದೇ ಇರುತ್ತದೆ, ಜೊತೆಗೆ ಮೇಣ. ಮೇಣ ಗೀರು ತುಂಬಿ ಕ್ಷಣದಲ್ಲಿ ಹೊಳಪು ತೋರಿಸುತ್ತದೆ. ಸ್ಪಿರಿಟಿನಲ್ಲಿ ಒರೆಸಿದರೆ ಬಣ್ಣ ಬಯಲು. ಗ್ರಾನೈಟ್ ಕಾರ್ಖಾನೆಯಿಂದ ಪುಡಿ ತರುವ ಆಸೆ ಜಿಗಣಿಯ ಸುತ್ತಮುತ್ತ, ಇಳಕಲ್ಲಿನ ಕಡೆ ಇರುವವರಿಗೆ ಬರಬಹುದು. ಒಳಗೇನಿದೆ ಎಂದು ಚೀಲದ ಮೇಲೆ ಬರೆದಿರದಿದ್ದರೆ ಬೇಡ. ಒಂದು ದಪ್ಪ ಕಣ ಚರ್ಮದಲ್ಲಿ ಕೂತರೆ ಆ ಚರ್ಮವನ್ನೇ ಎಸೆಯಬೇಕು. ಟೂತ್‌ಪೇಸ್ಟ್ ಆಗುವುದಿಲ್ಲವೇ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಆಂಬರ್, ಮುತ್ತಿನ ಚಿಪ್ಪಿಗೆ ಅಷ್ಟಿಷ್ಟು ಆದೀತು. ಅಗೇಟಿಗೆ ಬರೀ ಪುದೀನ ವಾಸನೆ.

ಪುಡಿಗೆ ಹೆಚ್ಚು ದುಡ್ಡು ಖರ್ಚುಮಾಡದ ಪಾಲಿಶ್ ನೋಡಬೇಕೆಂದರೆ ಗುಜರಾತಿನ ಖಂಭಾತ್ ಇದೆ. ಕೆನೋಯರ್, ವಿದಾಲೆ, ಕುಲದೀಪ್ ಭಾನ್ ಮುಂತಾದ ಪುರಾತತ್ವಜ್ಞರು ಸಿಂಧೂ ನಾಗರಿಕತೆಯ ಮಣಿಗಳ ಗುಟ್ಟು ತಿಳಿಯಲು ಹೋಗಿ ಕೂತದ್ದು ಅಲ್ಲಿನ ಅಗೇಟ್ ಕೆಲಸಗಾರರ ಪಕ್ಕದಲ್ಲಿ. ಸಾಣೆ ಹಿಡಿದ ಮಣಿಗಳನ್ನು ಚರ್ಮದ ಚೀಲಕ್ಕೆ ತುಂಬಿ, ಎಮರಿ ಮತ್ತು ಅಗೇಟಿನದೇ ಪುಡಿ, ನೀರು ಹಾಕಿ, ಬಾಯಿ ಕಟ್ಟಿ ದಿನಗಟ್ಟಲೆ ಉರುಳಿಸುವುದು ಅಲ್ಲಿನ ಹಳೆಯ ಕ್ರಮ. ಕೊಯ್ದಾಗ ಉದುರಿದ ಪುಡಿಯೇ ಮೆರುಗಿನ ಪುಡಿ. ಈಗ ಚೀಲದ ಜಾಗಕ್ಕೆ ಕರೆಂಟಿನ ಪೀಪಾಯಿ ಬಂದಿದೆ.

ಅದೇ ಖಂಭಾತ್ ಇನ್ನೊಂದು ಕಾರಣಕ್ಕೂ ಸುದ್ದಿಯಲ್ಲಿರುತ್ತದೆ. ಅಗೇಟ್ ಎಂದರೆ ಸಿಲಿಕಾ. ಒಣಗಿದ ಸಾಣೆಯಿಂದ ಏಳುವ ಅದರ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಅದಕ್ಕೆ ವಾಸಿ ಎಂಬುದಿಲ್ಲ. ಮನೆಯಲ್ಲೇ ಸಾಣೆ ಇಟ್ಟುಕೊಂಡ ಅಲ್ಲಿನ ಕುಟುಂಬಗಳಲ್ಲಿ ಉಸಿರು ಕಟ್ಟಿದವರು ಬಹಳ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇವರ ಬಗ್ಗೆ ಅಧ್ಯಯನಗಳನ್ನು ನಡೆಸಿದೆ. ಹಿತ್ತಿಲಿನ ಹವ್ಯಾಸಿ ದಿನಕ್ಕೆ ಒಂದು ಗಂಟೆ ಕೂರುವವನಿರಬಹುದು, ಆದರೂ ಸಾಣೆಯ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರಬೇಕು. ಎನ್95 ಮಾಸ್ಕ್ ಅನ್ನು ಪುಡಿಯ ಬಜೆಟ್ಟಿನಲ್ಲೇ ಸೇರಿಸಿ. ಮ್ಯಾಲಕೈಟಿನ ಹಸಿರು ಧೂಳಿನಲ್ಲಿ ತಾಮ್ರವಿದೆ, ಅದೂ ವಿಷವೇ. ಸೀರಿಯಂ ಪುಡಿಯನ್ನು ಒಣಗಿದ್ದಾಗ ಊದಬೇಡಿ, ಸೆರಗಿನಿಂದ ಕೊಡವಲೂಬೇಡಿ.

ಪ್ರತಿ ಪುಡಿಗೂ ಅದರದೇ ಚರ್ಮ, ಪ್ರತಿ ಚರ್ಮಕ್ಕೂ ಅದರದೇ ಜಿಪ್ ಕವರು, ಮೇಲೆ ಮಾರ್ಕರಿನಲ್ಲಿ ಹೆಸರು ಮತ್ತು ಮೈಕ್ರಾನ್. ಸಾಣೆಯಿಂದ ಪಾಲಿಶಿಗೆ ಹೋಗುವ ಮುನ್ನ ಕಲ್ಲು, ಕಡ್ಡಿ, ಉಗುರಿನ ಸಂದು ಎಲ್ಲವನ್ನೂ ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯಬೇಕು. ತೊಳೆದ ನೀರನ್ನು ಸಿಂಕಿಗೆ ಸುರಿದರೆ ಕಲ್ಲಿನ ಹಿಟ್ಟು ಪೈಪಿನಲ್ಲಿ ಗಟ್ಟಿ ಕಟ್ಟುತ್ತದೆ, ಪ್ಲಂಬರಿಗೆ ಕೊಡುವ ದುಡ್ಡಿನಲ್ಲಿ ವರ್ಷದ ಸೀರಿಯಂ ಬರುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟು, ತಿಳಿನೀರನ್ನು ಬಗ್ಗಿಸಿ ಚೆಲ್ಲಿ, ಕೆಸರನ್ನು ಒದ್ದೆಯಿದ್ದಾಗಲೇ ಕವರಿಗೆ ತುಂಬಿ ಕಸಕ್ಕೆ ಕೊಡಿ. ಸೀರಿಯಂ ಚರ್ಮ ತೊಳೆದ ನೀರನ್ನು ಮಾತ್ರ ಬೇರೆ ಡಬ್ಬಿಯಲ್ಲಿಡಿ; ತಳದಲ್ಲಿ ಕೂತ ನಸುಗೆಂಪು ಪುಡಿ ಇನ್ನೊಮ್ಮೆ ಬಳಕೆಗೆ ಬರುತ್ತದೆ.